ಕನ್ನಡ ಪುಸ್ತಕಗಳ ಮಾರ್ಕ್ ರೆಕಾರ್ಡು: ಪೈಥಾನಿನಲ್ಲಿ ಓದಿ, ತಿದ್ದಿ, ಕೋಹಾಗೆ ವಾಪಸ್ ಹಾಕುವ ತನಕ

ತುಮಕೂರಿನ ಒಂದು ಸಣ್ಣ ಲೈಬ್ರರಿಯವರು ಹೋದ ವರ್ಷ ನನ್ನ ಕೈಗೆ ಪೆನ್‌ಡ್ರೈವ್ ಕೊಟ್ಟರು. ಅದರಲ್ಲಿ ಇದ್ದದ್ದು ಒಂದೇ ಫೈಲು, ಹನ್ನೊಂದು ಸಾವಿರ ಚಿಲ್ಲರೆ ಪುಸ್ತಕಗಳ ಕ್ಯಾಟಲಾಗು. ಅದು ಮಾರ್ಕ್ ರೂಪದಲ್ಲಿತ್ತು, ಅಂದರೆ ಲೈಬ್ರರಿಗಳು ಪುಸ್ತಕದ ವಿವರಗಳನ್ನು ಕಂಪ್ಯೂಟರಿನಲ್ಲಿ ಇಡುವ ರೂಪ. ಅವರು ಬಳಸುವುದು ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರ್. "ಸರ್, ಡಿ.ವಿ.ಜಿ. ಅಂತ ಹುಡುಕಿದ್ರೆ ನಾಲ್ಕು ಬರುತ್ತೆ, ಕಪಾಟಲ್ಲಿ ನೋಡಿದ್ರೆ ಮೂವತ್ತಿದೆ" ಅಂದರು ಲೈಬ್ರರಿಯನ್ ಮೇಡಂ. ನಾನು ಪ್ರೋಗ್ರಾಮರ್, ಲೈಬ್ರರಿ ಸೈನ್ಸ್ ಓದಿದವನಲ್ಲ. ಒಂದು ಭಾನುವಾರದ ಕೆಲಸ ಅಂದುಕೊಂಡೆ.

ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ನಡುನಡುವೆ ವಿಚಿತ್ರ ಗುರುತುಗಳಿದ್ದರೂ ಕನ್ನಡ ಕಾಣುತ್ತಿತ್ತು. ಎಷ್ಟೋ ಕಡೆ 'ತುಮ್ಕೂರು' ಅಂತ ಇತ್ತು. ಎಲ್ಲವನ್ನೂ 'ತುಮಕೂರು' ಅಂತ ಒಂದೇ ಏಟಿಗೆ ಬದಲಾಯಿಸಿ ಸೇವ್ ಮಾಡಿದೆ. ಆಮೇಲೆ ಆ ಫೈಲನ್ನು ಯಾವ ಸಾಫ್ಟ್‌ವೇರೂ ಓದಲಿಲ್ಲ! ನಾನು ಮಾಡಿದ್ದು ಎರಡು ತಪ್ಪು. ಒಂದು ಬೈಟುಗಳ ತಪ್ಪು, ಅದು ಅವತ್ತೇ ಗೊತ್ತಾಯಿತು. ಇನ್ನೊಂದು ಕ್ಯಾಟಲಾಗಿನ ತಪ್ಪು, ಅದು ಗೊತ್ತಾಗಲು ತಿಂಗಳು ಹಿಡಿಯಿತು. ಎರಡನ್ನೂ ಕೆಳಗೆ ಹೇಳುತ್ತೇನೆ.

ಕೋಡಿನ ಸಾಲುಗಳನ್ನು ಇಲ್ಲಿ ಅಂಟಿಸುತ್ತಿಲ್ಲ. ಏನು ಬರೆಯಬೇಕು, ಯಾಕೆ ಬರೆಯಬೇಕು ಅಂತ ಮಾತಿನಲ್ಲಿ ಹೇಳುತ್ತೇನೆ. ಪೈಥಾನಿನಲ್ಲಿ ಒಂದು ಲೂಪ್ ಬರೆಯಲು ಬಂದರೆ ಸಾಕು, ಉಳಿದದ್ದು ಕೂಡಿಸಿಕೊಳ್ಳಬಹುದು.

ಶುರು ಮಾಡುವ ಮುಂಚೆ

ಪೈಥಾನ್ 3 ಬೇಕು. ಪಿಪ್ ಮೂಲಕ ಪೈಮಾರ್ಕ್ ಹಾಕಿಕೊಳ್ಳಿ, ಅದು ಮಾರ್ಕ್ ಫೈಲುಗಳನ್ನು ಓದಿ ಬರೆಯುವ ಸಿದ್ಧ ಪೈಥಾನ್ ಕೋಡು. ಕಣ್ಣಲ್ಲಿ ನೋಡಿ ಪರೀಕ್ಷಿಸಲು ಮಾರ್ಕ್‌ಎಡಿಟ್ ಎಂಬ ಉಚಿತ ಪ್ರೋಗ್ರಾಂ ಇದ್ದರೆ ಒಳ್ಳೆಯದು, ಆದರೆ ಅದಿಲ್ಲದೆಯೂ ನಡೆಯುತ್ತದೆ.

ಮೂಲ ಫೈಲಿನ ಒಂದು ಪ್ರತಿ ತೆಗೆದು, ಹೆಸರಿಗೆ ತಾರೀಕು ಸೇರಿಸಿ, ಓದಲು ಮಾತ್ರ ಅಂತ ಗುರುತು ಮಾಡಿ ಬೇರೆ ಕಡೆ ಇಡಿ. ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಮಾಡುವುದಿಲ್ಲ. ನಾನೂ ಮಾಡಿರಲಿಲ್ಲ. ಮತ್ತೆ ಲೈಬ್ರರಿಗೆ ಹೋಗಿ ಎರಡನೇ ಸಲ ಫೈಲ್ ಕೇಳಬೇಕಾಯಿತು.

ಮೊದಲ ಹೆಜ್ಜೆ: ಒಂದು ರೆಕಾರ್ಡಿನ ಹೊಟ್ಟೆಯಲ್ಲಿ ಏನಿದೆ

ಮಾರ್ಕ್ ಹುಟ್ಟಿದ್ದು 1960ರ ದಶಕದಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ. ಹೆನ್ರಿಯೆಟ್ ಅವ್ರಾಮ್ ಎಂಬ ಪ್ರೋಗ್ರಾಮರ್ ಅದರ ಹಿಂದಿದ್ದವರು. ಆಗ ಡೇಟಾ ಇರುತ್ತಿದ್ದದ್ದು ಮ್ಯಾಗ್ನೆಟಿಕ್ ಟೇಪಿನಲ್ಲಿ. ಟೇಪನ್ನು ಮುಂದಕ್ಕೆ ಓಡಿಸಿಕೊಂಡು ಹೋಗಬೇಕು, ಆದ್ದರಿಂದ ಪ್ರತಿ ರೆಕಾರ್ಡೂ 'ನಾನು ಇಷ್ಟು ಉದ್ದ ಇದ್ದೇನೆ' ಅಂತ ಮೊದಲೇ ಹೇಳಿಬಿಡುತ್ತದೆ. ಅಮೆರಿಕ, ಕೆನಡಾಗಳ ಎರಡು ರೂಪಗಳು ಸೇರಿ 1999ರಲ್ಲಿ ಮಾರ್ಕ್ 21 ಆಯಿತು. ನಾವು ಇವತ್ತು ಮುಟ್ಟುತ್ತಿರುವುದು ಅದನ್ನೇ.

ರೆಕಾರ್ಡಿನಲ್ಲಿ ಮೂರು ಭಾಗ. ಮೊದಲು ಲೀಡರ್, ಸರಿಯಾಗಿ 24 ಅಕ್ಷರ. ಅದರ ಮೊದಲ 5 ಅಂಕಿಗಳೇ ಇಡೀ ರೆಕಾರ್ಡಿನ ಉದ್ದ. ಆಮೇಲೆ ಡೈರೆಕ್ಟರಿ. ಇದು ಪುಸ್ತಕದ ಪರಿವಿಡಿ ಇದ್ದ ಹಾಗೆ, ಪ್ರತಿ ಫೀಲ್ಡಿಗೂ 12 ಅಂಕಿಯ ಒಂದು ನಮೂದು: 3 ಅಂಕಿ ಫೀಲ್ಡಿನ ಹೆಸರಿಗೆ, 4 ಅಂಕಿ ಅದರ ಉದ್ದಕ್ಕೆ, 5 ಅಂಕಿ ಅದು ಎಲ್ಲಿ ಶುರುವಾಗುತ್ತದೆ ಅನ್ನುವುದಕ್ಕೆ. ಕೊನೆಗೆ ಫೀಲ್ಡುಗಳು, ಅಂದರೆ ನಿಜವಾದ ಮಾಹಿತಿ. ನೋಟ್‌ಪ್ಯಾಡಿನಲ್ಲಿ ನಾನು ನೋಡಿದ ವಿಚಿತ್ರ ಗುರುತುಗಳು ಬೇಲಿಗಳು. ಬೈಟ್ 31 ಬಂದರೆ ಸಬ್‌ಫೀಲ್ಡ್ (ಫೀಲ್ಡಿನೊಳಗಿನ ಒಂದು ತುಂಡು) ಶುರು, 30 ಬಂದರೆ ಫೀಲ್ಡ್ ಮುಗಿಯಿತು, 29 ಬಂದರೆ ರೆಕಾರ್ಡೇ ಮುಗಿಯಿತು.

ಈಗ ನನ್ನ ಮೊದಲ ತಪ್ಪು ಅರ್ಥವಾಗುತ್ತದೆ. ಉದ್ದ ಲೆಕ್ಕ ಹಾಕುವುದು ಬೈಟಿನಲ್ಲಿ. 'ತುಮಕೂರು' ನಮ್ಮ ಕಣ್ಣಿಗೆ 4 ಅಕ್ಷರ. ಪೈಥಾನಿಗೆ ಅದು 7, ಯಾಕೆಂದರೆ ಕೊಂಬು, ದೀರ್ಘ ಎಲ್ಲವನ್ನೂ ಅದು ಬೇರೆ ಬೇರೆ ಎಣಿಸುತ್ತದೆ. ಯುಟಿಎಫ್-8ರಲ್ಲಿ, ಅಂದರೆ ಯುನಿಕೋಡ್ ಅಕ್ಷರಗಳನ್ನು ಬೈಟಾಗಿ ಇಡುವ ಕ್ರಮದಲ್ಲಿ, ಕನ್ನಡದ ಪ್ರತಿ ಗುರುತಿಗೂ 3 ಬೈಟು, ಹಾಗಾಗಿ ಫೈಲಿನಲ್ಲಿ ಅದು 21. 'ತುಮ್ಕೂರು' ಬರೆದರೆ ಒಂದು ಹಲಂತ ಜಾಸ್ತಿ, 24 ಬೈಟು. ಒಂದೊಂದು ಬದಲಾವಣೆಗೂ 3 ಬೈಟು ಕಮ್ಮಿಯಾಯಿತು, ಡೈರೆಕ್ಟರಿ ಮಾತ್ರ ಹಳೆಯ ಲೆಕ್ಕವನ್ನೇ ಹೇಳುತ್ತಾ ಕೂತಿತ್ತು. ಆಮೇಲಿನ ಫೀಲ್ಡುಗಳೆಲ್ಲ 3 ಬೈಟು ಪಕ್ಕಕ್ಕೆ ಸರಿದವು.

ಆದ್ದರಿಂದ ಎಂಆರ್‌ಸಿ ಫೈಲನ್ನು, ಅಂದರೆ ಈ ರೆಕಾರ್ಡುಗಳಿರುವ ಫೈಲನ್ನು, ಯಾವತ್ತೂ ಟೆಕ್ಸ್ಟ್ ಎಡಿಟರಿನಲ್ಲಿ ತಿದ್ದಬೇಡಿ. ಪೈಮಾರ್ಕ್ ಮೂಲಕ ಬರೆದರೆ ಉದ್ದ, ಡೈರೆಕ್ಟರಿ ಎಲ್ಲ ಅದೇ ಹೊಸದಾಗಿ ಲೆಕ್ಕ ಹಾಕಿಕೊಳ್ಳುತ್ತದೆ.

ಎರಡನೇ ಹೆಜ್ಜೆ: ಓದುವುದು

ಫೈಲನ್ನು ಬೈನರಿ ರೂಪದಲ್ಲಿ ತೆರೆಯಬೇಕು, ಅಂದರೆ ಓಪನ್ ಫಂಕ್ಷನ್ನಿಗೆ 'ಆರ್‌ಬಿ' ಅಂತ ಕೊಡಬೇಕು. ಅದನ್ನು ಮಾರ್ಕ್‌ರೀಡರಿಗೆ ಕೊಟ್ಟು ಒಂದು ಫಾರ್ ಲೂಪ್ ಹಾಕಿದರೆ ರೆಕಾರ್ಡುಗಳು ಒಂದೊಂದಾಗಿ ಬರುತ್ತವೆ. ಮೊದಲನೆಯದನ್ನು ಪ್ರಿಂಟ್ ಮಾಡಿ, ಲೂಪ್ ನಿಲ್ಲಿಸಿ, ನಿಧಾನವಾಗಿ ನೋಡಿ.

ನೀವು ಮತ್ತೆ ಮತ್ತೆ ನೋಡುವ ಫೀಲ್ಡುಗಳು ಇಷ್ಟೇ. 020 ಐಎಸ್‌ಬಿಎನ್. 100 ಲೇಖಕರು. 245 ಶೀರ್ಷಿಕೆ: ಎ ಮುಖ್ಯ ಹೆಸರು, ಬಿ ಉಪಶೀರ್ಷಿಕೆ, ಸಿ ಯಾರು ಬರೆದದ್ದು ಅನ್ನುವ ಸಾಲು. 260 ಅಥವಾ 264 ಪ್ರಕಟಣೆಯ ಊರು, ಪ್ರಕಾಶಕರು, ವರ್ಷ. 300 ಪುಟಗಳು. 650 ವಿಷಯ. 700 ಅನುವಾದಕರು, ಸಂಪಾದಕರು ಮುಂತಾದ ಇತರರು. ಕೋಹಾದಿಂದ ಬಂದ ಫೈಲಾದರೆ 952ರಲ್ಲಿ ಪುಸ್ತಕದ ಪ್ರತಿಗಳ ವಿವರ ಇರುತ್ತದೆ, ಪಿ ಸಬ್‌ಫೀಲ್ಡ್ ಬಾರ್‌ಕೋಡು, ಓ ಸಬ್‌ಫೀಲ್ಡ್ ಕಾಲ್ ನಂಬರು (ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ನಂಬರು). 999ರ ಸಿ ಸಬ್‌ಫೀಲ್ಡ್ ಕೋಹಾ ಒಳಗಿನ ರೆಕಾರ್ಡ್ ನಂಬರು. ಇದನ್ನು ಕಾಪಾಡಿಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಇಲ್ಲಿ ಎರಡು ಗುಂಡಿಗಳಿವೆ. ಕೆಟ್ಟ ರೆಕಾರ್ಡ್ ಸಿಕ್ಕಾಗ ಪೈಮಾರ್ಕ್ ಲೂಪನ್ನು ನಿಲ್ಲಿಸದೆ ನನ್ ಅನ್ನು, ಅಂದರೆ ಪೈಥಾನಿನ 'ಏನೂ ಇಲ್ಲ' ಎಂಬ ಗುರುತನ್ನು, ಕೈಗೆ ಕೊಟ್ಟು ಮುಂದೆ ಹೋಗಬಹುದು. ಅದನ್ನು ನೋಡದೆ ಮುಂದುವರಿದರೆ ಪ್ರೋಗ್ರಾಂ ಬಿದ್ದುಹೋಗುತ್ತದೆ, ಇಲ್ಲವೇ ಸುಮ್ನೆ ಹಾರಿಸಿಬಿಟ್ಟರೆ ಪುಸ್ತಕವೇ ಕಳೆದುಹೋಗುತ್ತದೆ. ನನ್ ಬಂದಾಗ ರೀಡರಿನ ಕರೆಂಟ್ ಎಕ್ಸೆಪ್ಷನ್ (ಏನು ತಪ್ಪಾಯಿತು) ಮತ್ತು ಕರೆಂಟ್ ಚಂಕ್ (ಆ ರೆಕಾರ್ಡಿನ ಮೂಲ ಬೈಟುಗಳು) ಎರಡನ್ನೂ ಒಂದು ಬೇರೆ ಫೈಲಿಗೆ ಬರೆದಿಡಿ. ಎರಡನೆಯದು, ಪೈಮಾರ್ಕ್ 5ರಿಂದ ಇಲ್ಲದ ಫೀಲ್ಡನ್ನು ಚೌಕ ಕಂಸ ಹಾಕಿ ಕೇಳಿದರೆ ಕೀ ಎರರ್ ಬರುತ್ತದೆ, ಹಿಂದೆ ಸುಮ್ಮನೆ ನನ್ ಬರುತ್ತಿತ್ತು. ಹಳೆಯ ಉದಾಹರಣೆ ಕೋಡು ನಕಲು ಮಾಡಿ ಪೇಚಾಡುವವರು ಜಾಸ್ತಿ ಇರುವುದು ಇಲ್ಲೇ. ಗೆಟ್ ಬಳಸಿ, ಇಲ್ಲವೇ ಗೆಟ್ ಫೀಲ್ಡ್ಸ್ ಬಳಸಿ. ಅದು ಫೀಲ್ಡ್ ಇಲ್ಲದಿದ್ದರೆ ಖಾಲಿ ಪಟ್ಟಿ ಕೊಡುತ್ತದೆ, ತಂಟೆಯಿಲ್ಲ.

ಮೂರನೇ ಹೆಜ್ಜೆ: ಏನನ್ನೂ ಮುಟ್ಟದೆ ಎಣಿಸುವುದು

ತಿದ್ದುವ ಆಸೆ ಬರುತ್ತದೆ, ತಡೆದುಕೊಳ್ಳಿ. ಕೌಂಟರ್ ಎಂಬುದು ಪೈಥಾನಿನ ಜೊತೆಗೇ ಬರುತ್ತದೆ. ಅದರಲ್ಲಿ ಪ್ರತಿ ಫೀಲ್ಡ್ ಎಷ್ಟು ಸಲ ಬಂದಿದೆ ಅಂತ ಎಣಿಸಿ. ಒಟ್ಟು ರೆಕಾರ್ಡ್ ಎಷ್ಟು, 245 ಇಲ್ಲದವು ಎಷ್ಟು, ಎರಡು 245 ಇರುವವು ಎಷ್ಟು (ಒಂದೇ ಇರಬೇಕು), 100 ಇಲ್ಲದವು ಎಷ್ಟು. ಆಮೇಲೆ 260ರ ಎ ಸಬ್‌ಫೀಲ್ಡಿನ ಎಲ್ಲ ಊರಿನ ಹೆಸರುಗಳನ್ನೂ ಎಣಿಸಿ ಇಳಿಕೆ ಕ್ರಮದಲ್ಲಿ ನೋಡಿ. ಭಾಷೆಯ ಕೋಡು ಎಣಿಸಿ.

ನನಗೆ ಇದರಿಂದ ಗೊತ್ತಾದದ್ದು: ಟೈಪ್ ಮಾಡಿದವರು ಬದಲಾದ ಹಾಗೆಲ್ಲ ಅಭ್ಯಾಸವೂ ಬದಲಾಗಿದೆ. ಒಬ್ಬರು ಬೆಲೆಯನ್ನು 020ರ ಎ ಒಳಗೇ ಹಾಕಿದ್ದರು. ಇನ್ನೊಬ್ಬರು ಪ್ರಕಾಶಕರ ಜಾಗದಲ್ಲಿ ಪುಸ್ತಕ ಕೊಂಡ ಅಂಗಡಿಯ ಹೆಸರು ಬರೆದಿದ್ದರು. ಒಂದೊಂದು ತಪ್ಪೂ ಒಂದೊಂದು ಕಾಲದ್ದು. ಹಾಗಾಗಿ ರೆಕಾರ್ಡ್ ಸೇರಿಸಿದ ತಾರೀಕಿನ ಪ್ರಕಾರ ಗುಂಪು ಮಾಡಿ ನೋಡಿದರೆ ತಪ್ಪುಗಳು ಗೊಂಚಲು ಗೊಂಚಲಾಗಿ ಸಿಗುತ್ತವೆ. ಆ ತಾರೀಕು 008 ಫೀಲ್ಡಿನ ಮೊದಲ 6 ಅಂಕಿಗಳಲ್ಲಿ ಇರುತ್ತದೆ.

008 ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅದು 40 ಅಕ್ಷರಗಳ ಒಂದು ಪಟ್ಟಿ, ಪ್ರತಿ ಜಾಗಕ್ಕೂ ಒಂದು ಅರ್ಥ. ಸೊನ್ನೆಯಿಂದ ಎಣಿಸಿದರೆ 7ರಿಂದ 10 ವರ್ಷ, 15ರಿಂದ 17 ದೇಶ, 35ರಿಂದ 37 ಭಾಷೆ. ಕನ್ನಡಕ್ಕೆ ಕೋಡು ಕೆ-ಎ-ಎನ್. ಭಾರತಕ್ಕೆ ಐ-ಐ, ಮೂರನೇ ಜಾಗ ಖಾಲಿ. ಆ ಖಾಲಿ ಜಾಗವನ್ನು ಯಾರಾದರೂ ಟ್ರಿಮ್ ಮಾಡಿದರೆ ಮುಂದಿನದೆಲ್ಲ ಒಂದು ಮನೆ ಹಿಂದಕ್ಕೆ ಬರುತ್ತದೆ. ಉದ್ದ 40 ಇಲ್ಲದ 008 ಎಷ್ಟಿವೆ ಅಂತ ಮೊದಲು ನೋಡಿ, ಆಮೇಲೆ ಭಾಷೆ ಎಣಿಸಿ. ಇಲ್ಲದಿದ್ದರೆ ನನ್ನ ಹಾಗೆ 'ಎ-ಎನ್' ಅನ್ನುವುದು ಯಾವ ಭಾಷೆ ಅಂತ ಹುಡುಕುತ್ತಾ ಕೂರುತ್ತೀರಿ.

ನಾಲ್ಕನೇ ಹೆಜ್ಜೆ: ಇದು ನಿಜವಾಗಿ ಕನ್ನಡವೇ?

ಲೀಡರಿನ 9ನೇ ಜಾಗದಲ್ಲಿ (ಇಲ್ಲೂ ಸೊನ್ನೆಯಿಂದ ಎಣಿಕೆ) ಸಣ್ಣ 'ಎ' ಇದ್ದರೆ ಯುನಿಕೋಡು. ಖಾಲಿ ಇದ್ದರೆ ಮಾರ್ಕ್-8 ಎಂಬ ಹಳೆಯ ಎನ್‌ಕೋಡಿಂಗು. ಮಾರ್ಕ್-8ರಲ್ಲಿ ಅರಬ್ಬಿ ಇದೆ, ಹೀಬ್ರೂ ಇದೆ, ಚೀನೀ ಇದೆ, ಕನ್ನಡ ಇಲ್ಲವೇ ಇಲ್ಲ. ಅಂದರೆ ಕನ್ನಡ ಲಿಪಿಯ ರೆಕಾರ್ಡಿನಲ್ಲಿ ಆ ಜಾಗ ಖಾಲಿ ಇದ್ದರೆ ಲೀಡರ್ ಸುಳ್ಳು ಹೇಳುತ್ತಿದೆ ಅಂತಲೇ ಅರ್ಥ. ಪೈಮಾರ್ಕ್ ಅದನ್ನು ನಂಬಿ ಮಾರ್ಕ್-8 ಅಂತ ಬಿಡಿಸಲು ಹೋಗಿ ಕಲಸುಮೇಲೋಗರ ಮಾಡುತ್ತದೆ. ರೀಡರಿಗೆ ಫೋರ್ಸ್ ಯುಟಿಎಫ್8 ಅನ್ನು ಟ್ರೂ ಅಂತ ಕೊಟ್ಟು ಓದಿ. ವಾಪಸ್ ಬರೆಯುವ ಮುಂಚೆ ಲೀಡರಿನ ಆ ಜಾಗಕ್ಕೆ ನೀವೇ 'ಎ' ಹಾಕಿ.

ಇದಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ. ಯುನಿಕೋಡ್ ಬಳಕೆಗೆ ಬರುವ ಮುಂಚೆ ನಮ್ಮಲ್ಲಿ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡುತ್ತಿದ್ದರು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಒಳಗಿರುವುದು ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ಲ್ಯಾಟಿನ್ ಅಕ್ಷರಗಳು. ಹಳೇ ಎಕ್ಸೆಲ್ಲಿನಿಂದ ಬಂದ ಕ್ಯಾಟಲಾಗಿನಲ್ಲಿ ಇಂಥವು ಇದ್ದೇ ಇರುತ್ತವೆ. ಹಿಡಿಯುವುದು ಹೀಗೆ: ಭಾಷೆ ಕನ್ನಡ ಅಂತ ಇದ್ದು, 245ರಲ್ಲಿ ಕನ್ನಡದ ಯುನಿಕೋಡ್ ವಲಯದ, ಅಂದರೆ ಹೆಕ್ಸಿನಲ್ಲಿ 0ಸಿ80ರಿಂದ 0ಸಿಎಫ್ಎಫ್ ತನಕದ ಒಂದು ಗುರುತೂ ಇಲ್ಲದವನ್ನು ಪಟ್ಟಿ ಮಾಡಿ. ಆ ಪಟ್ಟಿಯಲ್ಲಿ ಎರಡು ಜಾತಿ ಸಿಗುತ್ತವೆ. ಗೀಟು ಚುಕ್ಕಿಗಳು ತುಂಬಿದ್ದರೆ ಹಳೆಯ ಫಾಂಟು. ಅದಕ್ಕೆ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಒತ್ತಕ್ಷರ ಮತ್ತು ಅರ್ಕಾವತ್ತು ಅಲ್ಲಲ್ಲಿ ಎಡವುತ್ತವೆ, ಕಣ್ಣಲ್ಲಿ ನೋಡಲೇಬೇಕು. ಓದಲು ಬರುವ ಹಾಗಿದ್ದರೆ ಅದು ರೋಮನ್ ಲಿಪಿಗೆ ಇಳಿಸಿದ ಶೀರ್ಷಿಕೆ, ಹೊರಗಿನ ದೊಡ್ಡ ಲೈಬ್ರರಿಯಿಂದ ಇಳಿಸಿಕೊಂಡ ರೆಕಾರ್ಡ್ ಇರಬಹುದು. ಅದನ್ನು ಅಳಿಸಬೇಡಿ. ಕನ್ನಡ ಲಿಪಿಯ ರೂಪ ಇದ್ದರೆ 880 ಫೀಲ್ಡಿನಲ್ಲಿ ಇರುತ್ತದೆ, ಎರಡನ್ನೂ ಸಬ್‌ಫೀಲ್ಡ್ 6 ಜೋಡಿಸಿರುತ್ತದೆ. ಒಂದನ್ನು ಅಳಿಸಿ ಇನ್ನೊಂದನ್ನು ಬಿಟ್ಟರೆ ಕೊಂಡಿ ಗಾಳಿಯಲ್ಲಿ ನೇತಾಡುತ್ತದೆ.

ಐದನೇ ಹೆಜ್ಜೆ: ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ

ನನ್ನ ಸಮಯ ಅತಿ ಜಾಸ್ತಿ ಹೋದದ್ದು ಇಲ್ಲಿ. ಇಂಗ್ಲಿಷ್ ಪಾಠಗಳಲ್ಲಿ ಇದು ಸಿಗುವುದೂ ಇಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

'ಕೋಲಾರ' ತೆಗೆದುಕೊಳ್ಳಿ. 'ಕೋ' ಎಂಬುದರ ಸ್ವರ ಗುರುತನ್ನು ಒಂದೇ ಕೋಡಾಗಿ ಇಡಬಹುದು, ಇಲ್ಲವೇ ಎತ್ವ, ಊಕಾರದ ಗುರುತು, ದೀರ್ಘ ಅಂತ ಮೂರು ತುಂಡಾಗಿ ಇಡಬಹುದು. ಮೊದಲನೆಯದಕ್ಕೆ ಪೈಥಾನ್ ಉದ್ದ 5 ಅನ್ನುತ್ತದೆ, ಎರಡನೆಯದಕ್ಕೆ 7. ಪರದೆಯ ಮೇಲೆ ಎರಡೂ ಒಂದೇ. ಇದಕ್ಕೆ ಮದ್ದು ಸುಲಭ: ಯುನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್ನಿಗೆ ಎನ್‌ಎಫ್‌ಸಿ ಅಂತ ಕೊಟ್ಟು ಎಲ್ಲ ಫೀಲ್ಡುಗಳನ್ನೂ ಹಾಯಿಸಿ, ತುಂಡುಗಳು ಕೂಡಿ ಒಂದೇ ಕೋಡಾಗುತ್ತವೆ.

ಆಮೇಲೆ ಸೊನ್ನೆ. ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆಯನ್ನೇ ಟೈಪ್ ಮಾಡುವ ಅಭ್ಯಾಸ ಎಷ್ಟೋ ಜನಕ್ಕೆ ಇದೆ. 'ಒಂದು' ಮತ್ತು 'ಒ೦ದು' ಇವೆರಡರಲ್ಲಿ ಎರಡನೆಯದರ ಒಳಗಿರುವುದು ಅಂಕಿ. ಎನ್‌ಎಫ್‌ಸಿ ಇದನ್ನು ಮುಟ್ಟುವುದಿಲ್ಲ. ಹಾಗಂತ ಎಲ್ಲ ಸೊನ್ನೆಗಳನ್ನೂ ಬದಲಿಸಿದರೆ '೨೦೦೭' ಎಕ್ಕುಟ್ಟಿ ಹೋಗುತ್ತದೆ. ನಾನು ಇಟ್ಟುಕೊಂಡ ನಿಯಮ: ಸೊನ್ನೆಯ ಹಿಂದೆಯೇ ಕನ್ನಡ ಅಕ್ಷರವೋ ಸ್ವರ ಗುರುತೋ ಇರಬೇಕು, ಮುಂದೆ ಕನ್ನಡ ಅಂಕಿ ಇರಬಾರದು. ಆಗ ಮಾತ್ರ ಅದು ಅನುಸ್ವಾರ.

ವಿಸರ್ಗದ ಕತೆಯೂ ಅದೇ. 'ದುಃಖ' ಬದಲು ಕೋಲನ್ ಹಾಕಿ 'ದು:ಖ' ಅಂತ ಬರೆದಿರುತ್ತಾರೆ. ಕ್ಯಾಟಲಾಗಿನಲ್ಲಿ ಉಪಶೀರ್ಷಿಕೆಯ ಮುಂಚೆಯೂ ಕೋಲನ್ ಬರುತ್ತದೆ, ಆದರೆ ಅದರ ಹಿಂದೆ ಮುಂದೆ ಎರಡೂ ಕಡೆ ಜಾಗ ಇರುತ್ತದೆ. ಜಾಗ ನೋಡದೆ ಕೋಲನ್ ಕಂಡಲ್ಲೆಲ್ಲ ಒಡೆದರೆ ದುಃಖವೇ ಎರಡು ತುಂಡಾಗುತ್ತದೆ.

ಕೊನೆಯದು ಕಣ್ಣಿಗೆ ಕಾಣದ ಎರಡು ಗುರುತುಗಳು, ಜೋಡಿಸುವುದು ಮತ್ತು ಬಿಡಿಸುವುದು, ಅಂದರೆ ಜೀರೋ ವಿಡ್ತ್ ಜಾಯ್ನರ್ ಮತ್ತು ನಾನ್ ಜಾಯ್ನರ್. 'ರಾಜ್‌ಕುಮಾರ್' ಎಂದು ಬಿಡಿಸಿ ಬರೆಯಲು ಒಂದು ಬೇಕು, 'ರ್‍ಯಾಂಕ್' ಬರೆಯಲು ಇನ್ನೊಂದು ಬೇಕು. ಕಾಣುವುದಿಲ್ಲ ಅಂತ ಎಲ್ಲವನ್ನೂ ಕಿತ್ತು ಹಾಕಬೇಡಿ. ಕಿತ್ತರೆ 'ರ್‍ಯಾಂಕ್' ಹೋಗಿ 'ರ್ಯಾಂಕ್' ಆಗುತ್ತದೆ, ಅಚ್ಚಾದ ಹೆಸರೇ ಬದಲಾದ ಹಾಗೆ. ರೆಕಾರ್ಡಿನಲ್ಲಿ ಅವು ಇರಲಿ. ಹೋಲಿಸಲು ಅಂತ ಬೇರೆ ಒಂದು ಕೀಲಿ ಮಾಡಿಕೊಳ್ಳಿ, ಅದರಲ್ಲಿ ಮಾತ್ರ ತೆಗೆಯಿರಿ. ಈ ಕೀಲಿ ಫಂಕ್ಷನ್ನೇ ಇಡೀ ಕೆಲಸದ ಬೆನ್ನೆಲುಬು: ಎನ್‌ಎಫ್‌ಸಿ ಮಾಡು, ಸೊನ್ನೆ ಸರಿಮಾಡು, ಕಾಣದ ಗುರುತು ತೆಗೆ, ಚುಕ್ಕಿ, ಅಲ್ಪವಿರಾಮ, ಜಾಗ ಎಲ್ಲ ತೆಗೆ. ಉಳಿದದ್ದನ್ನು ಹೋಲಿಸು.

ಆರನೇ ಹೆಜ್ಜೆ: ಹೆಸರುಗಳು

ಮೇಡಂ ಕೇಳಿದ್ದು ಡಿ.ವಿ.ಜಿ. ಬಗ್ಗೆ. 100 ಫೀಲ್ಡಿನಲ್ಲಿ ನನಗೆ ಸಿಕ್ಕಿದ್ದು: 'ಡಿ.ವಿ.ಜಿ.', 'ಡಿ.ವಿ.ಜಿ', 'ಡಿ ವಿ ಜಿ', 'ಡಿ. ವಿ. ಗುಂಡಪ್ಪ', 'ಗುಂಡಪ್ಪ, ಡಿ. ವಿ.', 'ಗುಂಡಪ್ಪ ಡಿ.ವಿ', 'ಡಾ. ಡಿ.ವಿ.ಜಿ'. ಎಲ್ಲರೂ ಒಬ್ಬರೇ, ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಗುಂಡಪ್ಪನವರು. ಮೊದಲ ಮೂರನ್ನು ಕೀಲಿ ಫಂಕ್ಷನ್ ತಾನೇ ಒಂದು ಮಾಡುತ್ತದೆ. ಉಳಿದವನ್ನು ಆ ಮೂರರ ಜೊತೆ ಸೇರಿಸುವುದಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು 'ಶ್ರೀನಿವಾಸ' ಅಂತ ಬರೆದರು, ಆ ಎರಡು ಹೆಸರಿಗೆ ಒಂದು ಅಕ್ಷರದ ಸಂಬಂಧವೂ ಇಲ್ಲ. ಯಾವ ಫಜ್ಜಿ ಮ್ಯಾಚಿಂಗೂ (ಸುಮಾರಾಗಿ ಹೋಲುವ ಪದಗಳನ್ನು ಹುಡುಕುವ ವಿಧಾನ) ಅದನ್ನು ಹಿಡಿಯಲಾರದು. ಅದೇ ಫಜ್ಜಿ ಮ್ಯಾಚಿಂಗು 'ಕೆ. ಎಸ್. ನಾಗರಾಜ', 'ಕೆ. ಎನ್. ನಾಗರಾಜ' ಇಬ್ಬರನ್ನೂ ಒಬ್ಬರೇ ಮಾಡಿಬಿಡುತ್ತದೆ. ಇನಿಶಿಯಲ್ಲಿನ ಒಂದಕ್ಷರದಲ್ಲಿ ಮನುಷ್ಯನೇ ಬೇರೆಯಾಗುವ ನಮ್ಮ ಕಡೆ ಅದನ್ನು ನಂಬಬಾರದು.

ನಾನು ಮಾಡಿದ್ದು ಇಷ್ಟು. ಎಲ್ಲ ಹೆಸರುಗಳನ್ನೂ ಎಣಿಕೆಯ ಜೊತೆ ಒಂದು ಸ್ಪ್ರೆಡ್‌ಶೀಟಿಗೆ ಹಾಕಿದೆ. ಎಡಗಡೆ ಈಗಿರುವ ರೂಪ, ಪಕ್ಕದಲ್ಲಿ ಆ ಹೆಸರಿನ ಮೂರು ಪುಸ್ತಕಗಳ ಶೀರ್ಷಿಕೆ, ಬಲಗಡೆ ಖಾಲಿ ಕಾಲಂ. ಅದನ್ನು ತುಂಬಿದ್ದು ಮೇಡಂ. ಎರಡು ಶನಿವಾರ ಹಿಡಿಯಿತು, ನಡುವೆ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸಿದೆವು. ಕೋಡಿನ ಕೆಲಸ ಆ ಶೀಟನ್ನು ಓದಿ ಎಡಗಡೆಯದನ್ನು ಬಲಗಡೆಯದಕ್ಕೆ ಬದಲಿಸುವುದು ಮಾತ್ರ. ಬಲಗಡೆ ಖಾಲಿ ಇದ್ದರೆ ಮುಟ್ಟಬಾರದು. ಹಳೆಯ ರೂಪಗಳನ್ನು ಎಸೆಯಬೇಡಿ, ಲೇಖಕರ ಅಥಾರಿಟಿ ರೆಕಾರ್ಡ್ (ಒಬ್ಬರ ಹೆಸರಿನ ಎಲ್ಲ ರೂಪಗಳನ್ನೂ ಒಂದೆಡೆ ಇಡುವ ರೆಕಾರ್ಡ್) ಮಾಡಿ 400 ಫೀಲ್ಡಿನಲ್ಲಿ ಇಟ್ಟರೆ 'ಶ್ರೀನಿವಾಸ' ಅಂತ ಹುಡುಕಿದವರಿಗೂ ದಾರಿ ಸಿಗುತ್ತದೆ.

ಎಚ್ಚರ: ಬದಲಿಸುವುದು 100 ಮತ್ತು 700 ಮಾತ್ರ. 245ರ ಸಿ ಸಬ್‌ಫೀಲ್ಡಿನಲ್ಲೂ ಲೇಖಕರ ಹೆಸರು ಇರುತ್ತದೆ, ಆದರೆ ಅದು ಶೀರ್ಷಿಕೆ ಪುಟದಲ್ಲಿ ಅಚ್ಚಾದ ಹಾಗೇ ಇರಬೇಕು.

ನನ್ನ ಎರಡನೇ ತಪ್ಪು ಗೊತ್ತಾದದ್ದು ಈ ಮಾತು ಬಂದಾಗಲೇ. 'ತುಮ್ಕೂರು' ಇದ್ದದ್ದು 260ರ ಎ ಸಬ್‌ಫೀಲ್ಡಿನಲ್ಲಿ, ಅಂದರೆ ಪ್ರಕಟಣೆಯ ಊರು. ಮೇಡಂ ಕಪಾಟಿನಿಂದ ಒಂದು ಹಳೆಯ ಪುಸ್ತಕ ತೆಗೆದು ಶೀರ್ಷಿಕೆ ಪುಟ ತೋರಿಸಿದರು. ಹಾಗೇ ಅಚ್ಚಾಗಿತ್ತು. ಊರಿನ ಹೆಸರನ್ನೂ ಪುಸ್ತಕದಲ್ಲಿ ಇದ್ದ ಹಾಗೇ ಬರೆದುಕೊಳ್ಳಬೇಕು ಅನ್ನುವುದು ನಿಯಮ. ಇಂಗ್ಲಿಷ್ ಪುಸ್ತಕಗಳಲ್ಲೂ ಅಷ್ಟೇ: ಸರ್ಕಾರ ಇಂಗ್ಲಿಷ್ ಹೆಸರನ್ನು 'ಟುಮ್ಕೂರ್' ಬದಲು ತುಮಕೂರು ಅಂತ ಬದಲಿಸಿದ್ದು 2014ರ ನವೆಂಬರ್ 1ಕ್ಕೆ, 1980ರ ಪುಸ್ತಕಕ್ಕೆ ಆ ಹೆಸರು ಹಾಕಿದರೆ ಅದು ತಿದ್ದುಪಡಿಯಲ್ಲ, ಸುಳ್ಳು. ಹಾಗೆಯೇ 2007ಕ್ಕೆ ಮುಂಚಿನ ಪುಸ್ತಕದಲ್ಲಿ 'ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆ' ಅಂತ ಇದ್ದರೆ ಅದು ಸರಿಯೇ, ಆಗ ಜಿಲ್ಲೆ ಒಡೆದಿರಲಿಲ್ಲ. ಊರು ವಿಷಯವಾಗಿ ಬಂದಾಗ, ಅಂದರೆ 651ರಲ್ಲಿ, ಒಂದೇ ರೂಪ ಇಟ್ಟುಕೊಳ್ಳಿ. 260ಕ್ಕೆ ಕೈ ಹಾಕಬೇಡಿ.

ಏಳನೇ ಹೆಜ್ಜೆ: ವರ್ಷ, ಐಎಸ್‌ಬಿಎನ್, ನಕಲು ರೆಕಾರ್ಡು

ವರ್ಷಕ್ಕೆ ಒಂದು ಖುಷಿಯ ಸುದ್ದಿ. ಪೈಥಾನಿನ ಇಂಟ್ ಫಂಕ್ಷನ್ನಿಗೆ '೧೯೯೮' ಕೊಟ್ಟರೆ 1998 ಅಂತಲೇ ಕೊಡುತ್ತದೆ, ಕನ್ನಡ ಅಂಕಿ ಅದಕ್ಕೆ ಗೊತ್ತು. ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ಅಂಕಿ ಗುರುತೂ ಕನ್ನಡ ಅಂಕಿಗಳನ್ನು ಹಿಡಿಯುತ್ತದೆ. ಹಾಗಾಗಿ 260ರ ಸಿ ಸಬ್‌ಫೀಲ್ಡಿನಿಂದ ನಾಲ್ಕು ಅಂಕಿಯ ಗುಂಪುಗಳನ್ನು ತೆಗೆದು 008ರ ವರ್ಷದ ಜೊತೆ ಹೋಲಿಸಿ. 'ಮೊದಲ ಮುದ್ರಣ 1987, ಮೂರನೇ ಮುದ್ರಣ 2004' ಅಂತ ಎರಡು ಸಿಕ್ಕರೆ ಕೋಡು ತೀರ್ಮಾನಿಸಬಾರದು, ಪಟ್ಟಿಗೆ ಹಾಕಿ.

ಐಎಸ್‌ಬಿಎನ್ ಸರಿಯೋ ತಪ್ಪೋ ಅಂತ ಲೆಕ್ಕದಲ್ಲೇ ಗೊತ್ತಾಗುತ್ತದೆ. 13 ಅಂಕಿಯದಾದರೆ ಒಂದು ಬಿಟ್ಟು ಒಂದಕ್ಕೆ 1, 3 ರಿಂದ ಗುಣಿಸಿ ಕೂಡಿಸಿ, ಮೊತ್ತ 10ರಿಂದ ಭಾಗವಾಗಬೇಕು. 10 ಅಂಕಿಯದಾದರೆ 10ರಿಂದ 1ರ ತನಕ ಗುಣಿಸಿ ಕೂಡಿಸಿ, 11ರಿಂದ ಭಾಗವಾಗಬೇಕು. ಕೊನೆಯಲ್ಲಿ ಎಕ್ಸ್ ಇದ್ದರೆ ಅದು 10. ಆದರೆ ಐಎಸ್‌ಬಿಎನ್ ನಂಬಿ ನಕಲು ಹುಡುಕಬೇಡಿ. ಹಳೆಯ ಕನ್ನಡ ಪುಸ್ತಕಗಳಲ್ಲಿ ಅದು ಇರುವುದೇ ಇಲ್ಲ, ಮತ್ತೆ ಒಂದೇ ನಂಬರನ್ನು ಎರಡು ಬೇರೆ ಪುಸ್ತಕಗಳ ಮೇಲೆ ಅಚ್ಚು ಹಾಕಿದ್ದನ್ನೂ ನೋಡಿದ್ದೇನೆ.

ನಕಲು ಹುಡುಕಲು ಶೀರ್ಷಿಕೆಯ ಕೀಲಿ, ಲೇಖಕರ ಕೀಲಿ, ವರ್ಷ ಮೂರನ್ನೂ ಅಂಟಿಸಿ ಗುಂಪು ಮಾಡಿ. 245ರ ಎನ್ ಸಬ್‌ಫೀಲ್ಡನ್ನೂ ಕೀಲಿಗೆ ಸೇರಿಸಿ, ಅದು ಸಂಪುಟದ ಸಂಖ್ಯೆ. ನಾನು ಮೊದಲ ಸಲ ಸೇರಿಸದೆ ಎಂಟು ಸಂಪುಟದ ಒಂದು ಸೆಟ್ಟನ್ನು ಒಂದೇ ಪುಸ್ತಕ ಮಾಡಿದ್ದೆ. ಪುಣ್ಯಕ್ಕೆ ಅದು ಮೂಲ ಫೈಲಲ್ಲ, ಅದರ ಪ್ರತಿ. ಎರಡು ರೆಕಾರ್ಡ್ ನಿಜವಾಗಿಯೂ ಒಂದೇ ಆಗಿದ್ದರೆ ಒಂದನ್ನು ಅಳಿಸುವ ಮುಂಚೆ ಅದರ ಪ್ರತಿಗಳು ಇನ್ನೊಂದಕ್ಕೆ ಹೋಗಬೇಕು. ಆ ಕೆಲಸವನ್ನು ಫೈಲಿನಲ್ಲಿ ಮಾಡದೆ ಕೋಹಾ ಒಳಗಿನ ಮರ್ಜ್ ಸೌಲಭ್ಯದಲ್ಲೇ ಮಾಡಿ. ಯಾವುದೋ ಪುಸ್ತಕ ಯಾರದೋ ಮನೆಯಲ್ಲಿ ಎರವಲಿನಲ್ಲಿ ಇರುತ್ತದೆ ಅಲ್ವಾ, ಆ ಲೆಕ್ಕ ತಪ್ಪಬಾರದು.

ಎಂಟನೇ ಹೆಜ್ಜೆ: ಬರೆದು ವಾಪಸ್ ಹಾಕುವುದು

ಯಾವಾಗಲೂ ಹೊಸ ಫೈಲಿಗೆ ಬರೆಯಿರಿ. ಮಾರ್ಕ್‌ರೈಟರನ್ನು ಕೊನೆಗೆ ಕ್ಲೋಸ್ ಮಾಡಲು ಮರೆಯಬೇಡಿ, ಮರೆತರೆ ಕೊನೆಯ ರೆಕಾರ್ಡುಗಳು ಅರ್ಧಕ್ಕೆ ನಿಲ್ಲಬಹುದು. ಬರೆದ ಫೈಲನ್ನು ಅದೇ ಪ್ರೋಗ್ರಾಮಿನಲ್ಲಿ ಮತ್ತೆ ಓದಿ, ಮೂರನೇ ಹೆಜ್ಜೆಯ ಎಣಿಕೆಯನ್ನು ಮತ್ತೆ ಓಡಿಸಿ. ರೆಕಾರ್ಡುಗಳ ಸಂಖ್ಯೆ, 952ಗಳ ಸಂಖ್ಯೆ ಎರಡೂ ಮೊದಲಿನಷ್ಟೇ ಇರಬೇಕು. ಹಳೆಯದು, ಹೊಸದು ಎರಡನ್ನೂ ಟೆಕ್ಸ್ಟಾಗಿ ಪ್ರಿಂಟ್ ಮಾಡಿ ಡಿಫ್ (ಎರಡರ ನಡುವಿನ ವ್ಯತ್ಯಾಸ) ನೋಡಿದರೆ ನೀವು ಬದಲಿಸಿದ ಸಾಲುಗಳು ಮಾತ್ರ ಕಾಣಬೇಕು. ಒಂದು ಸಲಕ್ಕೆ ಒಂದೇ ಬಗೆಯ ತಿದ್ದುಪಡಿ ಮಾಡಿ, ಇಲ್ಲದಿದ್ದರೆ ಡಿಫ್ ನೋಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಅಳತೆಯ ಮಿತಿಯೂ ಇದೆ. ಉದ್ದಕ್ಕೆ 5 ಅಂಕಿ ಮಾತ್ರ ಇರುವುದರಿಂದ ಒಂದು ರೆಕಾರ್ಡು 99,999 ಬೈಟು ದಾಟುವಂತಿಲ್ಲ, ಒಂದು ಫೀಲ್ಡು 9,999 ದಾಟುವಂತಿಲ್ಲ. ಇಂಗ್ಲಿಷಿನಲ್ಲಿ ಹತ್ತು ಸಾವಿರದ ಹತ್ತಿರ ಅಕ್ಷರ ಹಿಡಿಯುವ ಸಾರಾಂಶದ ಫೀಲ್ಡಿನಲ್ಲಿ ಕನ್ನಡದ ಗುರುತು 3,333ಕ್ಕಿಂತ ಕಮ್ಮಿಯೇ ಹಿಡಿಯುತ್ತದೆ. ಉದ್ದದ ಪರಿವಿಡಿ ಇರುವ ಕೃತಿಗಳಲ್ಲಿ ಇದು ತಗಲುತ್ತದೆ. ಆಗ ಮಾರ್ಕ್‌ಎಕ್ಸ್‌ಎಂಎಲ್ ಆಗಿ ಬರೆದರೆ ಮಿತಿಯ ಕಾಟ ಇಲ್ಲ.

ಕೋಹಾದಲ್ಲಿ ಮೊದಲು ಪರೀಕ್ಷೆಗೆ ಅಂತ ಬೇರೆ ಇನ್‌ಸ್ಟಾಲ್ ಮಾಡಿಕೊಳ್ಳಿ. ಫೈಲನ್ನು ಸ್ಟೇಜ್ ಮಾಡುವಾಗ, ಅಂದರೆ ಇಂಪೋರ್ಟಿಗೆ ಮುಂಚೆ ತಾತ್ಕಾಲಿಕವಾಗಿ ಏರಿಸುವಾಗ, ಹೊಂದಿಸುವ ನಿಯಮಕ್ಕೆ ಆ 999ರ ಸಿ ಸಬ್‌ಫೀಲ್ಡನ್ನು ಬಳಸಿ, ಹೊಂದಿದರೆ ಹಳೆಯದರ ಜಾಗದಲ್ಲಿ ಹೊಸದು ಅಂತ ಆರಿಸಿ, ಪ್ರತಿಗಳನ್ನು ಬಿಟ್ಟುಬಿಡು ಅಂತ ಹೇಳಿ. ಈ ಕೊನೆಯದನ್ನು ಮರೆತರೆ ಪ್ರತಿಗಳನ್ನು ಇನ್ನೊಮ್ಮೆ ಸೇರಿಸಲು ಹೋಗುತ್ತದೆ. ಸ್ಟೇಜ್ ಆದ ಮೇಲೆ ಎಷ್ಟು ಹೊಂದಿದವು ಅಂತ ತೋರಿಸುತ್ತದೆ. ನಿಮ್ಮ ಎಣಿಕೆಗೆ ಸರಿಹೋದರೆ ಮಾತ್ರ ಇಂಪೋರ್ಟ್ ಒತ್ತಿ.

ಇಂಪೋರ್ಟ್ ಆದ ಮೇಲೂ ಹುಡುಕಾಟ ಕೆಲಸ ಮಾಡದಿದ್ದರೆ ಇಂಡೆಕ್ಸ್ ನೋಡಿ. ಕೋಹಾದ ಹುಡುಕಾಟಕ್ಕೆ ಝೀಬ್ರಾ ಎಂಬ ಇಂಡೆಕ್ಸ್ ಬಳಸುತ್ತಿದ್ದರೆ ಕನ್ನಡಕ್ಕೆ ಐಸಿಯು (ಯುನಿಕೋಡ್ ಲಿಪಿಗಳನ್ನು ಅರಿತು ಪದ ಬಿಡಿಸುವ) ವಿಧಾನ ಹಾಕಿ, ಪೂರ್ತಿ ರೀಇಂಡೆಕ್ಸ್ ಮಾಡಬೇಕು. ನೀವೇ ಪೈಥಾನಿನಲ್ಲಿ ಅಕಾರಾದಿ ಪಟ್ಟಿ ತೆಗೆಯುವುದಾದರೆ ಇನ್ನೊಂದು ಮಾತು: ಯುನಿಕೋಡಿನಲ್ಲಿ 'ಳ' ಇರುವುದು 'ಲ' ಪಕ್ಕದಲ್ಲಿ, 'ವ'ಗಿಂತ ಮುಂಚೆ. ನಮ್ಮ ವರ್ಣಮಾಲೆಯಲ್ಲಿ ಅದು 'ಹ' ಆದ ಮೇಲೆ. ಸಾರ್ಟ್ ಕೀಲಿಯಲ್ಲಿ ಮಾತ್ರ 'ಳ'ವನ್ನು ಹೆಕ್ಸ್ 0ಸಿಬಿಎ ಎಂಬ ಖಾಲಿ ಕೋಡಿಗೆ ಬದಲಿಸಿ, ಅದು 'ಹ' ಪಕ್ಕದ ಮನೆ. ಆಗ 'ಕಳಸ' ಹೋಗಿ 'ಕಹಳೆ'ಯ ಆಚೆ ಕೂರುತ್ತದೆ.

ಈಗ ಡಿ.ವಿ.ಜಿ. ಅಂತ ಹುಡುಕಿದರೆ ಇಪ್ಪತ್ತೊಂಬತ್ತು ಬರುತ್ತದೆ. ಕಪಾಟಿನಲ್ಲಿ ಇರುವ ಮೂವತ್ತನೆಯದಕ್ಕೆ ಅಕ್ಸೆಷನ್ ರಿಜಿಸ್ಟರಿನಲ್ಲಿ (ಲೈಬ್ರರಿಗೆ ಬಂದ ಪುಸ್ತಕಗಳನ್ನು ನಂಬರು ಹಾಕಿ ಬರೆದಿಡುವ ದಾಖಲೆ) ನಂಬರಿದೆ, ಕಂಪ್ಯೂಟರಿಗೆ ಯಾರೂ ಹತ್ತಿಸಿಯೇ ಇರಲಿಲ್ಲ. ಅದನ್ನು ಮೇಡಂ ಕೈಯಲ್ಲೇ ಟೈಪ್ ಮಾಡಿದರು.